ಕುಡಿಯದೆ ಬಿಟ್ಟ ಹನ್ನೊಂದು ಗ್ಲಾಸು

ಅಪ್ಪನನ್ನು ಹೂತದ್ದು ಅಡುಗೆಕೋಣೆಯಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಅಳಿಸೋಕೆ ಹೇಳಿದಳು ಅಂತೀರಿ.

ಕೊಳವಳ್ಳಿಯ ಮೇಲ್ಗಡೆ ನಮ್ಮ ಕಾಲನಿ. ಮನೆಗೆ ಮೂರು ಸೆಂಟು ಜಾಗ. ಮುಂದೆ ರಸ್ತೆ, ಹಿಂದೆ ಕಾಫಿ ತೋಟದ ಬೇಲಿ, ಎಡಕ್ಕೂ ಬಲಕ್ಕೂ ಇನ್ನೊಬ್ಬರ ಗೋಡೆ. ಒಂಬತ್ತು ವರ್ಷದ ಹಿಂದೆ, ಕರ್ಕಾಟಕ ಮಾಸದ ಮಳೆಯಲ್ಲಿ ಅಪ್ಪ ಸತ್ತ. ತೋಟದವರು ಬೇಲಿ ದಾಟಬೇಡಿ ಅಂದರು. ಗಾರ್ಡು ಬಂದು, ಕಾಡಿನಲ್ಲಿ ಗುಂಡಿ ತೆಗೆದರೆ ಕೇಸು ಅಂದ. ನಾವು ಆ ಕಾಡಿನ ಜನ. ನಮ್ಮ ಅಜ್ಜಂದಿರೆಲ್ಲ ಅಲ್ಲೇ ಮಣ್ಣಾಗಿದ್ದಾರೆ. ಅದನ್ನೇ ಅವನಿಗೆ ಹೇಳಿದೆವು. ದಾಖಲೆ ಇದೆಯಾ ಅಂತ ಕೇಳಿದ.

ಇಡೀ ಮನೆಯಲ್ಲಿ ಮಣ್ಣಿನ ನೆಲ ಇದ್ದದ್ದು ಅಡುಗೆಕೋಣೆಗೆ ಮಾತ್ರ. ಒಲೆ ಕಿತ್ತೆವು. ಗೋಡೆಗೆ ಒತ್ತಿ ಗುಂಡಿ ತೋಡಿದೆವು. ಅಗೆದಷ್ಟೂ ನೀರು. ತಂಬಿಗೆಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲಿದೆ, ನನ್ನ ಕೈಯಿಂದಲೇ. ಮೂರನೇ ದಿನ ಅವ್ವ ಗುಂಡಿಯ ಪಕ್ಕದಲ್ಲೇ ಮತ್ತೆ ಒಲೆ ಹೂಡಿದಳು. ಒಲೆ ಮುಂದೆ ಕೂರಲು ಬೇರೆ ಜಾಗ ಇರಲಿಲ್ಲ. ಅಪ್ಪನ ಎದೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಐದು ವರ್ಷ ಗಂಜಿ ಬೇಯಿಸಿದಳು. ಆ ಗಂಜಿ ನಾನೂ ಉಂಡಿದ್ದೇನೆ.

ಅವ್ವನ ಹೆಸರು ಕಾರ್ತು. ನಾನು ಶೈಲಜ. ಹೊಳೆಯಾಚೆ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದೆ. ಆಮೇಲೆ ಈಚೆ ದಡದಲ್ಲಿ ಮಲಯಾಳದಲ್ಲಿ ಹತ್ತರವರೆಗೆ. ಎರಡು ಭಾಷೆ ಬರೆಯಬಲ್ಲವಳು ನಮ್ಮಲ್ಲಿ ನಾನೊಬ್ಬಳೇ. ಅದೇ ನನ್ನ ಕುತ್ತಿಗೆಗೆ ಬಂತು.

*

ನಾಲ್ಕು ವರ್ಷದ ಹಿಂದೆ ದಾಮೋದರನ್ ಮಾಷ್ ಕಾಲನಿಗೆ ಬಂದರು. ನಿವೃತ್ತ ಮೇಷ್ಟ್ರು, ಬಿಳಿ ಮುಂಡು, ಭುಜಕ್ಕೆ ಬಟ್ಟೆ ಚೀಲ. ಮೂರು ಸಣ್ಣ ಎಡ ಪಾರ್ಟಿಗಳು ಸೇರಿ ಒಂದು ಮುನ್ನಣಿ ಕಟ್ಟಿದ್ದವು. ಮುನ್ನಣಿ ಅಂದರೆ ರಂಗ, ಕೂಟ. ಮಾಷ್ ಅದರ ಅಧ್ಯಕ್ಷರು. ಅವರು ನಮ್ಮ ಮನೆಯೊಳಗೆ ಬಂದರು, ಅಡುಗೆಕೋಣೆಯ ನೆಲ ನೋಡಿದರು, ಅಲ್ಲೇ ಕೂತು ಅತ್ತರು. ಸುಳ್ಳು ಅಳು ಅಲ್ಲ. ನಾನು ಸುಳ್ಳು ಅಳು ಬಹಳ ನೋಡಿದ್ದೇನೆ.

ಹೊಳೆಯ ಪಕ್ಕದಲ್ಲಿ ಒಂದು ಎಸ್ಟೇಟಿನ ಜಾಗ ಪಾಳು ಬಿದ್ದಿತ್ತು. ಗುತ್ತಿಗೆಯ ಅವಧಿ ಮುಗಿದು ಎಷ್ಟೋ ವರ್ಷವಾಗಿತ್ತು. ಆ ವರ್ಷ ಮಳೆ ಇಳಿಯುವ ಚಿಂಙಂ ತಿಂಗಳಲ್ಲಿ ಇಪ್ಪತ್ತೆಂಟು ಮನೆಯವರು ಅಲ್ಲಿಗೆ ನುಗ್ಗಿದೆವು. ಮುಂದೆ ಮೂರು ಬಾವುಟ, ಹಿಂದೆ ನಾವು. ಮೊದಲ ದಿನ ಚಪ್ಪರ ಹಾಕಿದ್ದಕ್ಕೆ ಚಪ್ಪರಗುಡ್ಡ ಅಂತ ಹೆಸರಾಯಿತು. ಲಂಟಾನ ಕಡಿದೆವು. ಅದರ ಬೇರು ಒಂದೊಂದೂ ತೊಡೆಯಷ್ಟು ದಪ್ಪ. ನನ್ನ ಅಂಗೈ ಚರ್ಮ ಸುಲಿದು ಕತ್ತಿಯ ಹಿಡಿಗೆ ಅಂಟಿಕೊಳ್ಳುತ್ತಿತ್ತು. ಅವ್ವ ಹೊಳೆಯಿಂದ ನೀರು ಹೊತ್ತಳು, ದಿನಕ್ಕೆ ಹತ್ತು ಕೊಡ, ಕಡಿದಾದ ದಿಣ್ಣೆ ಏರಿ. ಆನೆ ಬಂದು ಎರಡು ಸಲ ಗುಡಿಸಲು ಕೆಡವಿತು. ಎರಡು ಸಲವೂ ಮತ್ತೆ ಕಟ್ಟಿದೆವು.

ನಮ್ಮ ಪಾಲಿಗೆ ಬಂದ ತುಂಡಿನ ಮೂಲೆಯಲ್ಲಿ ಒಂದು ನೆಲ್ಲಿ ಮರ. ಅದರ ಬುಡ ಸ್ವಚ್ಛ ಮಾಡಿ ಅವ್ವ ಹೊಳೆಯಿಂದ ಒಂದು ಕಲ್ಲು ತಂದಿಟ್ಟಳು.

"ಇಲ್ಲಿ ನಂಗೆ," ಅಂದಳು. "ಒಲೆ ಬುಡಕ್ಕೆ ಹಾಕ್ಬೇಡಿ ಮಗಾ. ಬಿಸಿ ತಡ್ಕಳಾಕೆ ಆಗಾಕಿಲ್ಲ ನಂಗೆ."

ಅವಳ ಎದೆಯಲ್ಲಿ ಆಗಲೇ ಗೊರಗೊರ ಶುರುವಾಗಿತ್ತು. ನೀರು ಹೊತ್ತ ಎದೆ, ಹೊಗೆ ಕುಡಿದ ಎದೆ. ಆಸ್ಪತ್ರೆಯವರು ಭಾರ ಎತ್ತಬೇಡಿ ಅಂದಿದ್ದರು. ಭಾರ ಎತ್ತದೆ ಬದುಕುವುದು ಹೇಗೆ ಅಂತ ಅವರು ಹೇಳಿಕೊಡಲಿಲ್ಲ.

ನಮಗೆ ಬೇಕಿದ್ದದ್ದು ಅಷ್ಟೇ. ಸಾಯೋಕೆ ಮುಂಚೆ ಆ ನೆಲ್ಲಿ ಮರದ ಬುಡ ಅವ್ವನದು ಅಂತ ಒಂದು ಕಾಗದ.

ಅರ್ಜಿ ಬರೆಯುವ ದಿನ ನಾನು ಇಪ್ಪತ್ತೆಂಟು ಅರ್ಜಿ ಬರೆಯಲು ಕೂತಿದ್ದೆ. ಮಾಷ್ ತಡೆದರು. ಬಿಡಿ ಬಿಡಿಯಾಗಿ ಹೋದರೆ ನಿಮ್ಮನ್ನು ಒಡೆಯುತ್ತಾರೆ, ಒಬ್ಬನಿಗೆ ಕೊಟ್ಟು ಒಬ್ಬನಿಗೆ ಇಲ್ಲ ಅನ್ನುತ್ತಾರೆ, ಒಂದೇ ಅರ್ಜಿ ಇರಲಿ, ಮುನ್ನಣಿಯ ಹೆಸರಲ್ಲಿ ಇರಲಿ ಅಂದರು. ನಮಗೂ ಸರಿ ಅನ್ನಿಸಿತು. ಒಂದೇ ಅರ್ಜಿ ಹೋಯಿತು. ನಮ್ಮ ಹೆಸರುಗಳು ಹಿಂದಿನ ಹಾಳೆಯಲ್ಲಿ.

*

ಈಗ ಚಾಯದ ವಿಷಯ ಹೇಳಬೇಕು.

ನಮ್ಮ ಹಾಡಿಯಲ್ಲಿ ಕೂಟ ಸೇರಿದರೆ ಕೈ ಎತ್ತುವ ಪದ್ಧತಿ ಇಲ್ಲ. ಹಿರಿಯ ವಿಷಯ ಹೇಳುತ್ತಾನೆ. ಎಲ್ಲರ ಮುಂದೆ ಒಂದೊಂದು ವೀಳ್ಯದೆಲೆ ಇಡುತ್ತಾರೆ. ಒಪ್ಪಿದವರು ಎಲೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಒಪ್ಪದವರು ಹಾಗೇ ಬಿಡುತ್ತಾರೆ. ಬಾಯಿ ಬಿಟ್ಟು ಬೇಡ ಅಂದು ಯಾರ ಮುಖಕ್ಕೂ ಹೊಡೆಯುವುದಿಲ್ಲ. ನೆಲದ ಮೇಲೆ ಒಂದೇ ಒಂದು ಎಲೆ ಉಳಿದರೂ ಮಾತು ಮುಗಿದಿಲ್ಲ ಅಂತ ಅರ್ಥ. ನಾಳೆ ಮತ್ತೆ ಕೂರಬೇಕು.

ಚಪ್ಪರಗುಡ್ಡದಲ್ಲಿ ಎಲೆ ಸಿಗುತ್ತಿರಲಿಲ್ಲ. ಅಲ್ಲಿ ಕಟ್ಟನ್ ಚಾಯ ಶುರುವಾಯಿತು. ಹಾಲಿಲ್ಲದ ಬೆಲ್ಲದ ಚಹಾ. ಕುಡಿದರೆ ಒಪ್ಪಿಗೆ, ನೆಲದ ಮೇಲೆ ಇಟ್ಟರೆ ಒಪ್ಪಿಗೆ ಇಲ್ಲ.

ಮೊದಲ ವರ್ಷವೇ ಮಾಷ್ ಒಂದು ಯೋಜನೆ ತಂದಿದ್ದರು. ಎಲ್ಲರೂ ಗುಡಿಸಲು ಬಿಟ್ಟು ಕಲೆಕ್ಟರೇಟಿನ ಮುಂದೆ ಹದಿನೈದು ದಿನ ಕೂರಬೇಕು. ನಮ್ಮವರು ಸುಮ್ಮನೆ ಕೇಳಿದರು. ಗ್ಲಾಸುಗಳು ಸಾಲಾಗಿ ನೆಲದ ಮೇಲೆ ಆರಿಹೋದವು. ಮಾಷ್ ಬೆರಗಾಗಿ ನೋಡಿದರು. ನಮ್ಮ ಹಿರಿಯ ಮಾರ ತಾತ ನನ್ನ ಬಾಯಿಂದ ಅವರಿಗೆ ಬಿಡಿಸಿ ಹೇಳಿಸಿದ. ಗುಡಿಸಲು ಬಿಟ್ಟರೆ ಆನೆ ಬರುತ್ತೆ, ಆನೆ ಹೋದ ಮೇಲೆ ಎಸ್ಟೇಟಿನವರು ಬರುತ್ತಾರೆ ಅಂತ. ಮಾಷ್ ಆ ಯೋಜನೆ ಕೈಬಿಟ್ಟರು. ಅಷ್ಟೇ ಅಲ್ಲ, ಮುನ್ನಣಿಯ ಮಾಸಿಕದಲ್ಲಿ ಎರಡು ಪುಟ ಬರೆದರು. ಬಹುಮತದ ಹೆಸರಲ್ಲಿ ಒಬ್ಬನ ಮಾತು ತುಳಿಯುವ ನಾವು ಈ ಜನರಿಂದ ಪ್ರಜಾಪ್ರಭುತ್ವ ಕಲಿಯಬೇಕು, ಒಂದು ಕುಡಿಯದ ಗ್ಲಾಸಿಗೆ ಅವರು ಕೊಡುವ ಮರ್ಯಾದೆ ನಾವು ಸಾವಿರ ಭಾಷಣಕ್ಕೆ ಕೊಡುವುದಿಲ್ಲ ಅಂತ. ಅದನ್ನು ನಾನು ಎಲ್ಲರಿಗೂ ಓದಿ ಹೇಳಿದೆ. ಮಾರ ತಾತ ಆ ಪುಟ ಕತ್ತರಿಸಿ ತನ್ನ ತಗಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡ.

ಆ ಪುಟ ಇದ್ದದ್ದಕ್ಕೇ ನಾವು ಕೆಟ್ಟೆವು.

*

ಈ ವರ್ಷ ಕನ್ನಿ, ಅಂದರೆ ಕನ್ಯಾ ತಿಂಗಳಲ್ಲಿ ಪತ್ರ ಬಂತು. ಮುಂದಿನ ತುಲಾಂ ತಿಂಗಳ ಮೊದಲ ಗುರುವಾರ ಕಂದಾಯದವರೂ ಅರಣ್ಯ ಇಲಾಖೆಯವರೂ ಕೂಡಿ ಜಾಗದ ಪರಿಶೋಧನೆ ಮಾಡುತ್ತಾರೆ, ಅರ್ಜಿದಾರರ ಪ್ರತಿನಿಧಿ ಹಾಜರಿರಬೇಕು. ನಾಲ್ಕು ವರ್ಷಕ್ಕೆ ಬಂದ ಮೊದಲ ಒಳ್ಳೆಯ ಕಾಗದ. ಅವ್ವ ಅದನ್ನು ಓದಲಾರಳು, ಆದರೂ ಕೈಯಲ್ಲಿ ಹಿಡಿದು ನೋಡಿದಳು.

ಅದೇ ವಾರ ಇನ್ನೊಂದು ಪತ್ರವೂ ಬಂತು. ನಾನು ಮುನ್ನಣಿಯ ಜಿಲ್ಲಾ ಸಮಿತಿಯ ಸದಸ್ಯೆ. ಹೆಂಗಸು ಒಬ್ಬಳು ಬೇಕು, ಕಾಡಿನ ಜನ ಒಬ್ಬರು ಬೇಕು, ಎರಡನ್ನೂ ನನ್ನೊಬ್ಬಳಲ್ಲೇ ಮುಗಿಸಿದ್ದರು. ಪರಿಶೋಧನೆಗೆ ನಾಲ್ಕು ದಿನ ಮುಂಚೆ, ಭಾನುವಾರ, ಬತ್ತೇರಿ ಪೇಟೆಯಲ್ಲಿ ವಿಶೇಷ ಸಮ್ಮೇಳನ. ಮೂರನೇ ವಿಷಯ: ಮುನ್ನಣಿಯನ್ನು ವಿಸರ್ಜಿಸಿ ವಿಶಾಲ ಸೋಷ್ಯಲಿಸ್ಟ್ ಐಕ್ಯಕ್ಕೆ ದಾರಿ ಮಾಡುವ ಪ್ರಮೇಯ. ಪ್ರಮೇಯ ಅಂದರೆ ನಿರ್ಣಯ.

ಮಾರ ತಾತ ಕೇಳಿದ, "ವಿಸರ್ಜನೆ ಅಂದ್ರೆ ಏನ್ ಮೋಳೆ?" ಮೋಳೆ ಅಂದರೆ ಮಗಳೇ.

"ಮುನ್ನಣಿ ಬಿಟ್ಬಿಡಾದು ತಾತ. ಇನ್ಮೇಲೆ ಇರಾಕಿಲ್ಲ."

"ಗುರುವಾರ ಇರ್ಬೇಕಲ್ಲ ಅದು?"

"ಇರ್ಬೇಕು."

ತಾತ ಎದ್ದು ನಿಂತ. "ಮಾಷ್‌ಗೆ ಮರ್ತೋಗಿರ್ಬೇಕು. ಹೋಗಿ ನೆನಪ್ ಮಾಡಣ."

ನಾನು ಪತ್ರ ಬರೆದೆ. ಪರಿಶೋಧನೆ ಮುಗಿಯುವವರೆಗೆ ಮುನ್ನಣಿಯನ್ನು ಬಿಡಬೇಡಿ, ಹದಿನೈದು ದಿನ ಸಾಕು, ಆಮೇಲೆ ನೀವು ಹೇಳಿದ ಕಡೆ ಬರುತ್ತೇವೆ. ಇಪ್ಪತ್ತೆಂಟು ಹೆಬ್ಬೆಟ್ಟು ಮತ್ತು ಸಹಿ. ಭಾನುವಾರ ಜೀಪಿನಲ್ಲಿ ಹನ್ನೊಂದು ಜನ ಹೋದೆವು. ಅವ್ವನೂ ಬಂದಳು. ಬೇಡ ಅಂದರೂ ಕೇಳಲಿಲ್ಲ.

*

ಬಾಗಿಲಲ್ಲಿ ಪ್ರಜಿತ್ ಇದ್ದ, ಮುನ್ನಣಿಯ ಆಫೀಸ್ ಕಾರ್ಯದರ್ಶಿ. ಮರಕ್ಕಡವಿನ ರೈತರ ಮನೆಯವನು. ಅವನ ಮುತ್ತಜ್ಜ ಹೊಳೆಯಾಚೆಯಿಂದ ಬಂದವನು, ಹಾಗಾಗಿ ನಮ್ಮ ಮಾತು ಅವನಿಗೆ ಬರುತ್ತದೆ. ಅವರ ಹೊಲದ ಶುಂಠಿ ನಾನೂ ಅವ್ವನೂ ಕಿತ್ತಿದ್ದೇವೆ. ಕೆಟ್ಟವನಲ್ಲ, ನನ್ನನ್ನು ಚೇಚ್ಚಿ, ಅಕ್ಕ, ಅಂತಲೇ ಕರೆಯುತ್ತಾನೆ. ನಮ್ಮ ಪತ್ರ ತೆಗೆದುಕೊಂಡು ನಿಂತಲ್ಲೇ ಓದಿದ.

"ನ್ಯಾಯವೇ ಚೇಚ್ಚಿ ಇದು. ಏಳನೇ ವಿಷ್ಯದಲ್ಲಿ ತಕೊಳ್ಳಣ. ಇತರೆ ವಿಷ್ಯ."

"ವಿಸರ್ಜನೆ ಮೂರನೇದು ಅಲ್ವಾ? ಇದು ಅದಕ್ಕಿಂತ ಮುಂಚೆ ಬರ್ಬೇಕು."

"ಅಜೆಂಡ ಅಚ್ಚಾಗೋಗದೆ. ಮಧ್ಯದಲ್ಲಿ ತೂರ್ಸಕ್ಕಾಗಲ್ಲ. ಪೇಡಿಬೇಡ, ನಾ ಇದ್ದೀನಿ." ಹೆದರಬೇಡ ಅಂದ.

ಒಳಗೆ ಹೋದ ಕೂಡಲೇ ನಮ್ಮನ್ನು ಮುಂದಕ್ಕೆ ಕರೆದರು. ಫೋಟೋ ತೆಗೆಯಬೇಕಿತ್ತು. ಸಿನಿ ಅನ್ನುವ ಸಖಾವ್, ಪಾರ್ಟಿಯ ಸಂಗಾತಿ, ಅವ್ವನ ಕುತ್ತಿಗೆಗೆ ಕೈ ಹಾಕಿ, ಕುಪ್ಪಸದ ಒಳಗಿದ್ದ ಮಣಿಸರ ಎಳೆದು ಹೊರಗೆ ಬಿಟ್ಟಳು. "ಇದು ಕಾಣಬೇಕಮ್ಮ, ಇದೇ ಚೆಂದ," ಅಂದಳು. ಅವ್ವ ಕೆಮ್ಮು ತಡೆದುಕೊಂಡು ನಿಂತಳು. ಫೋಟೋ ಆಯಿತು. ಆಮೇಲೆ ನಮ್ಮನ್ನು ಹಿಂದಿನ ಸಾಲಿಗೆ ಕಳಿಸಿದರು. ಮುಂದಿನ ಕುರ್ಚಿಗಳ ಮೇಲೆ ಹೆಸರು ಬರೆದ ಚೀಟಿ ಇತ್ತು. ಜಿಲ್ಲಾ ಸಮಿತಿಯವಳಾದರೂ ನನ್ನ ಹೆಸರಿನ ಚೀಟಿ ಎಲ್ಲೂ ಕಾಣಲಿಲ್ಲ. ಇದ್ದಿದ್ದರೂ ಹೋಗುತ್ತಿರಲಿಲ್ಲ. ನಮ್ಮವರಿಗೆ ಮಲಯಾಳದ ಭಾಷಣ ಬಿಡಿಸಿ ಹೇಳಬೇಕಿತ್ತು.

ಮಾಷ್ ಒಂದು ಗಂಟೆ ಮಾತಾಡಿದರು. ಅವರು ಹೇಳಿದ್ದು ಸುಳ್ಳು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಮೂರು ಪಾರ್ಟಿ ಸೇರಿದರೂ ನಾವು ಒಂದು ಪಂಚಾಯತಿನಲ್ಲೂ ಗೆಲ್ಲಲಿಲ್ಲ, ಒಳಗೊಳಗೇ ಜಗಳ ಆಡಿ ಸವೆದೆವು, ಈ ಮುನ್ನಣಿ ತನ್ನ ಕೆಲಸ ಮುಗಿಸಿದೆ. ದೇಶದಲ್ಲಿ ಬಡವರ ವಿರೋಧಿಗಳು ಒಂದಾಗಿದ್ದಾರೆ, ಕೆಂಪಿನವರು, ಸೋಷ್ಯಲಿಸ್ಟರು, ದಲಿತರು, ಮಣ್ಣು ನೀರು ಕಾಯುವವರು ಎಲ್ಲರೂ ಸೇರಿ ದೊಡ್ಡದೊಂದು ಮನೆ ಕಟ್ಟಬೇಕು. "ಕಾಡಿಗೇ ಬೆಂಕಿ ಬಿದ್ದಿದೆ. ನಾವು ಸಣ್ಣ ಸಣ್ಣ ಒಲೆ ಮುಂದೆ ಕೂತು ಗಂಜಿ ಬೇಯಿಸುತ್ತಿದ್ದೇವೆ, ಸಖಾಕ್ಕಳೇ," ಅಂದರು. ಐಕ್ಯ ಅನ್ನುವ ಮಾತನ್ನು ಎರಡು ಸಲ ಹೇಳಿದರು. ಜನ ಚಪ್ಪಾಳೆ ತಟ್ಟಿದರು.

ಒಲೆಯ ಮಾತು ಅವ್ವನಿಗೆ ನಾನು ಬಿಡಿಸಿ ಹೇಳಲಿಲ್ಲ.

ಆಮೇಲೆ ಚರ್ಚೆ. ಬಿಡಬೇಕೋ ಬೇಡವೋ ಅನ್ನುವುದರ ಬಗ್ಗೆ ಅಲ್ಲ. ಹೊಸದಕ್ಕೆ ಏನು ಹೆಸರಿಡಬೇಕು ಅಂತ. ವೇದಿಕೆಯೋ, ಕೂಟವೋ, ಪಾರ್ಟಿಯೋ. ಊಟದ ಹೊತ್ತು ಮೀರುವವರೆಗೆ ಜಗಳವಾಡಿದರು. ಹುಟ್ಟದ ಕೂಸಿಗೆ ಹೆಸರು ಹುಡುಕುವವರಿಗೆ ಇದ್ದ ಇಪ್ಪತ್ತೆಂಟು ಹೆಸರು ನೆನಪಾಗಲಿಲ್ಲ.

ಕೊನೆಗೆ ಚಾಯ ಬಂತು. ಸಣ್ಣ ಗಾಜಿನ ಗ್ಲಾಸುಗಳಲ್ಲಿ ಹಾಲು ಹಾಕಿದ ಚಾಯ. ಚಾಯ ಹಂಚುತ್ತಿರುವಾಗಲೇ ಮಾಷ್ ಎದ್ದು ಪ್ರಮೇಯ ಓದಿದರು.

"ಏನಂತೆ?" ಮಾರ ತಾತ ಕೇಳಿದ.

"ಇವತ್ತಿಂದ್ಲೇ ಇಲ್ಲ ಅಂತೆ."

ತಾತ ಗ್ಲಾಸು ಬಗ್ಗಿ ನೆಲಕ್ಕೆ ಇಟ್ಟ. ಅವನ ಪಾದದ ಮುಂದೆ, ನೇರವಾಗಿ. ಅವನ ಪಕ್ಕದವನು ಇಟ್ಟ. ಅವ್ವ ಇಟ್ಟಳು. ಬೆಳಗಿನಿಂದ ಏನೂ ತಿಂದಿರಲಿಲ್ಲ ಅವಳು, ಆ ಬಿಸಿ ಅವಳ ಎದೆಗೆ ಬೇಕಿತ್ತು. ಆದರೂ ಇಟ್ಟಳು. ನಾನೂ ಇಟ್ಟೆ. ಹನ್ನೊಂದು ಗ್ಲಾಸು ಸಾಲಾಗಿ ನಡುದಾರಿಯ ಅಂಚಿಗೆ ನಿಂತವು. ನಾವು ಹೇಳಬೇಕಾದ್ದನ್ನು ಹೇಳಿಯಾಗಿತ್ತು.

"ಪರವಿರುವವರು ಕೈ ಎತ್ತಿ," ಅಂದರು ಮಾಷ್. ಕೈಗಳು ಎದ್ದವು. "ವಿರೋಧವಿರುವವರು?"

ಮಾಷ್ ಸಭೆಯ ಮೇಲೆ ಕಣ್ಣಾಡಿಸಿದರು. ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಅದು ನಮ್ಮ ಸಾಲಿಗೆ ಬಂತು. ನಮ್ಮ ಮುಖಗಳ ಮೇಲೆ ಬಂತು. ಕೆಳಗೆ ಗ್ಲಾಸುಗಳ ಮೇಲೂ ಬಂತು, ದೇವರಾಣೆಗೂ ಬಂತು. ಅಲ್ಲಿಂದ ಮುಂದಕ್ಕೆ ಹೋಯಿತು.

"ಯಾರೂ ಇಲ್ಲ. ಪ್ರಮೇಯ ಏಕಕಂಠದಿಂದ ಅಂಗೀಕಾರವಾಗಿದೆ."

ಎಲ್ಲರೂ ಎದ್ದು ಮುಷ್ಟಿ ಎತ್ತಿ ಘೋಷಣೆ ಕೂಗಿದರು. ನಮ್ಮವರೂ ಎದ್ದರು. ಎಲ್ಲರೂ ಎದ್ದಾಗ ಕೂತಿರುವುದು ಮರ್ಯಾದೆ ಅಲ್ಲ ಅಂತ. ಮಾರ ತಾತ ನನ್ನ ಕಿವಿಯಲ್ಲಿ ಕೇಳಿದ, "ಮಾಷ್ ನೋಡಿದ್ರಲ್ಲ ಮೋಳೆ? ನಾಳೆ ಮತ್ತೆ ಕೂರ್ತಾರಾ?"

ಗ್ಲಾಸು ಎತ್ತಲು ಗ್ರೀಷ್ಮ ಅನ್ನುವ ಕಾಲೇಜಿನ ಹುಡುಗಿ ಬಂದಳು. "ಅಯ್ಯೋ, ಚಾಯ ಇಷ್ಟ ಆಗಿಲ್ವಾ? ಎಷ್ಟೊಂದು ವೇಸ್ಟು," ಅಂದಳು. ಹನ್ನೊಂದನ್ನೂ ಒಂದೊಂದಾಗಿ ಬಕೆಟ್ಟಿಗೆ ಸುರಿದಳು.

ನಾನು ಪ್ರಜಿತನನ್ನು ಹುಡುಕಿ ಹಿಡಿದೆ. ಏಳನೇ ವಿಷಯ ಯಾವಾಗ ಅಂತ ಕೇಳಿದೆ. ಅವನು ಬ್ಯಾನರು ಬಿಚ್ಚುತ್ತಿದ್ದ. ಮುಖ ಕಪ್ಪಾಯಿತು.

"ಸಂಘಟನೆನೇ ಇಲ್ವಲ್ಲ ಚೇಚ್ಚಿ ಈಗ. ಇತರೆ ವಿಷ್ಯ ಯಾರ್ ತಕೊಂತಾರೆ?"

ಅವನು ತಮಾಷೆ ಮಾಡಲಿಲ್ಲ. ಅವನಿಗೂ ಆಗಲೇ ಹೊಳೆದದ್ದು. ನಮ್ಮ ಪತ್ರವನ್ನು ಜೇಬಿನಿಂದ ತೆಗೆದು ನನ್ನ ಕೈಗೆ ಕೊಟ್ಟ.

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ಕೈಯೆಣಿಕೆ ಅಂದರೇನು ಅಂತ ತಾತನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಸುಮ್ಮನಿದ್ದರೆ ಅವರ ಲೆಕ್ಕದಲ್ಲಿ ಒಪ್ಪಿಗೆ ಅಂತ ನನಗೆ ಗೊತ್ತಿತ್ತು. ಎದ್ದು ನಿಂತು ಮಲಯಾಳದಲ್ಲಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ತಾತ ಗ್ಲಾಸು ಇಟ್ಟ ಮೇಲೆ ಅವನನ್ನು ಮೀರಿ ಬಾಯಿ ಬಿಡಲು ನನಗೆ ಆಗಲಿಲ್ಲ. ಮಾಷ್‌ಗೆ ಗೊತ್ತಲ್ಲ, ಅವರೇ ಬರೆದವರಲ್ಲ ಅಂದುಕೊಂಡೆ. ನಂಬಿದೆ.

*

ಗುರುವಾರ ಬಂತು. ಎಲ್ಲರೂ ಹೊಳೆಯಲ್ಲಿ ಮಿಂದು ಒಗೆದ ಬಟ್ಟೆ ಉಟ್ಟು ನಿಂತೆವು. ಅವ್ವ ನೆಲ್ಲಿ ಮರದ ಬುಡ ಗುಡಿಸಿ, ಕಲ್ಲನ್ನು ತೊಳೆದು, ಅಲ್ಲೇ ಕೂತಳು. ಎರಡು ಜೀಪು ಬಂದವು. ಅಧಿಕಾರಿ ಸಣ್ಣ ವಯಸ್ಸಿನವನು, ಮರ್ಯಾದೆಯವನು. ಅವನ ಫೈಲಿನಲ್ಲಿ ಪೇಪರಿನ ಒಂದು ತುಂಡು ಸಿಕ್ಕಿಸಿತ್ತು. ಅದರಲ್ಲಿ ನಮ್ಮ ಫೋಟೋ. ಅವ್ವನ ಮಣಿಸರ ಚೆನ್ನಾಗಿ ಕಾಣುತ್ತಿತ್ತು. ಕೆಳಗೆ ಅಚ್ಚಾಗಿತ್ತು: ಮುನ್ನಣಿ ಏಕಕಂಠದಿಂದ ವಿಸರ್ಜನೆ.

"ಅರ್ಜಿದಾರರ ಪ್ರತಿನಿಧಿ ಯಾರು?" ಅಂದ.

"ನಾವೇ," ಅಂದೆ.

"ನಿಮ್ಮ ಹೆಸರು ಹಿಂದಿನ ಪಟ್ಟಿಯಲ್ಲಿದೆ. ಅರ್ಜಿದಾರ ಮುನ್ನಣಿ. ಮುನ್ನಣಿ ಈಗ ಇಲ್ಲ."

ಮಾರ ತಾತ ಮುಂದೆ ಬಂದ. "ಸಾರೇ, ನಾವ್ ಇದ್ದೀವಲ್ಲ. ಇಪ್ಪತ್ತೆಂಟ್ ಮನೆ. ಕಾಣ್ತಾ ಇಲ್ವಾ?"

ನಾನು ಮಲಯಾಳದಲ್ಲಿ ಹೇಳಿದೆ. ಅಧಿಕಾರಿ ತಲೆ ತಗ್ಗಿಸಿದ. "ನೀವಿರೋದು ಕಾಣುತ್ತೆ. ಅರ್ಜಿ ಹಾಕಿದವರು ಕಾಣಬೇಕು. ಹೊಸದಾಗಿ ಅರ್ಜಿ ಕೊಡಿ. ಇದನ್ನು ನಾನು ಮುಗಿಸಲೇಬೇಕು."

ಅವರ ಹಗ್ಗ, ಸರಪಳಿ ಜೀಪಿನಿಂದ ಕೆಳಗೆ ಇಳಿಯಲೇ ಇಲ್ಲ. ಕಾಲು ಗಂಟೆಯಲ್ಲಿ ಹೋದರು. ಅವ್ವ ನೆಲ್ಲಿ ಮರದ ಬುಡದಿಂದ ಕೂಗಿ ಕೇಳಿದಳು, "ನಮ್ದು ಅಳ್ದಾಯ್ತಾ ಮಗಾ?" ನಾನು ಹೋಗಿ ಅವಳನ್ನು ಕೈ ಹಿಡಿದು ಎಬ್ಬಿಸಿದೆ.

ಮರುವಾರ ಮೂರು ಪಾರ್ಟಿಯವರೂ ಬೇರೆ ಬೇರೆ ದಿನ ಬಂದು ತಮ್ಮ ತಮ್ಮ ಬಾವುಟ ಬಿಚ್ಚಿಕೊಂಡು ಹೋದರು. ಬಿದಿರಿನ ಗಳು ಬಿಟ್ಟರು. ಗಳು ನಾವು ಕಡಿದದ್ದು.

*

ಮಾಷ್ ಬಂದದ್ದು ತಿಂಗಳ ಮೇಲೆ. ಕೈಯಲ್ಲಿ ಡೈರಿ, ಚೀಲದಲ್ಲಿ ಕರಪತ್ರ. ಸೊರಗಿದ್ದರು. ಐಕ್ಯದ ಕೆಲಸದಲ್ಲಿ ಊರೂರು ಅಲೆದು ನಿದ್ದೆಗೆಟ್ಟಿದ್ದರು. ಅವ್ವ ಒಲೆ ಹೊತ್ತಿಸಿ ಕಟ್ಟನ್ ಚಾಯ ಮಾಡಿದಳು. ಅವರಿಗೂ ಕೊಟ್ಟಳು, ಮಾರ ತಾತನಿಗೂ, ನನಗೂ ಕೊಟ್ಟು ತಾನೂ ಒಂದು ಹಿಡಿದು ಕೂತಳು.

"ಹೊಸ ಅರ್ಜಿ ಕೊಡೋಣ," ಅಂದರು ಮಾಷ್. "ಮಕರಂ ತಿಂಗಳಲ್ಲಿ ಸೋಷ್ಯಲಿಸ್ಟ್ ಐಕ್ಯ ಸಮ್ಮೇಳನ. ಅದಾದ ಕೂಡಲೇ ಮೊದಲ ಕೆಲಸ ಚಪ್ಪರಗುಡ್ಡ. ನನ್ನ ಮಾತು. ಮೆರವಣಿಗೆಯಲ್ಲಿ ನೀವೇ ಮುಂದೆ ಇರಬೇಕು. ವಾಹನ ಕಳಿಸ್ತೇವೆ. ಎಲ್ಲರೂ ಬರ್ತೀರಲ್ಲ?"

ಮಾರ ತಾತ ಗ್ಲಾಸು ನೆಲಕ್ಕೆ ಇಟ್ಟ. ನಾನು ಇಟ್ಟೆ.

ಮಾಷ್ ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಡೈರಿ ಬಿಚ್ಚಿ ಬರೆದುಕೊಂಡರು. "ಚಪ್ಪರಗುಡ್ಡ, ಇಪ್ಪತ್ತೆಂಟು ಕುಟುಂಬ. ಶರಿ."

ಆಗ ಅವ್ವ ಎದ್ದಳು. ಅವಳು ಯಾವತ್ತೂ ಯಾವ ಕೂಟದಲ್ಲೂ ಬಾಯಿ ಬಿಟ್ಟವಳಲ್ಲ. ತನ್ನ ಗ್ಲಾಸು ಹಿಡಿದು ಮಾಷ್ ಮುಖದ ಮುಂದೆ ಬಂದಳು. ಅವರ ಕಣ್ಣೆದುರಿಗೇ ಬಗ್ಗಿ, ಅವರ ಎರಡು ಪಾದದ ನಡುವೆ ಇಟ್ಟಳು.

"ನಿಮ್ಗೆ ಇದು ಕಾಣಾಕಿಲ್ಲ. ಅದ್ಕೆ ಬಾಯಲ್ಲೇ ಹೇಳ್ತೀನಿ. ಬೇಡ. ನಾ ಬರಾಕಿಲ್ಲ. ನನ್ ಸರನೂ ಬರಾಕಿಲ್ಲ."

ಮಾಷ್ ನನ್ನ ಕಡೆ ತಿರುಗಿದರು. ನಾನು ಮಲಯಾಳದಲ್ಲಿ ಹೇಳಿದೆ. ಒಂದೂ ಬಿಡದೆ ಹೇಳಿದೆ. ಆ ಭಾನುವಾರದ ಗ್ಲಾಸುಗಳ ಸಾಲನ್ನೂ ಹೇಳಿದೆ.

"ಅವತ್ತೇ ಹೇಳಬಹುದಿತ್ತಲ್ಲ ಶೈಲಜಾ? ಒಂದು ಕೈ ಎತ್ತಿದ್ದರೆ ಸಾಕಿತ್ತು."

"ಹೇಳಿದ್ವಿ ಮಾಷೆ. ಹನ್ನೊಂದು ಗ್ಲಾಸು ಇಟ್ಟು ಹೇಳಿದ್ವಿ. ನೀವೇ ಬರೆದಿದ್ರಿ ಇದನ್ನ."

ಮಾರ ತಾತ ತನ್ನ ಗುಡಿಸಲಿಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಆ ಪುಟ ತಂದು ಕೊಟ್ಟ. ಮಡಿಕೆಯಲ್ಲಿ ಹರಿದಿತ್ತು. ಮಾಷ್ ಕನ್ನಡಕ ಹಾಕಿಕೊಂಡು ತಾವೇ ಬರೆದದ್ದನ್ನು ಕೊನೆಯವರೆಗೆ ಓದಿದರು. ಮಡಿಸಿ ತಾತನಿಗೆ ವಾಪಸು ಕೊಟ್ಟರು. "ಇದು ಸ್ವಯಂವಿಮರ್ಶೆಯ ವಿಷಯ," ಅಂದರು. "ಸ್ವಾಗತ ಸಮಿತಿಯ ಮುಂದೆ ಇಡ್ತೇನೆ." ಡೈರಿಯಲ್ಲಿ ಅದನ್ನೂ ಬರೆದುಕೊಂಡರು.

ಅವ್ವ ಕೇಳಿದಳು, "ಮಾಷೆ, ನ್ಯಾಯವಾಗಿ ಹೇಳಿ. ನಿಮ್ ಹೊಸ ಮನೆ ಎದ್ದೇಳೋಗಂಟ ನಾ ಸಾಯ್ಬಾರ್ದಾ?"

ಇದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಅವರಿಗೆ ಅರ್ಥವಾಯಿತು. ಅವ್ವನ ಗ್ಲಾಸು ಕಾಲಿಗೆ ತಾಗದ ಹಾಗೆ ಎಚ್ಚರದಿಂದ ದಾಟಿ ದಿಣ್ಣೆ ಇಳಿದು ಹೋದರು.

*

ಧನುಮಾಸದಲ್ಲಿ ಜೆಸಿಬಿ ಬಂತು, ಜೊತೆಗೆ ಎರಡು ವ್ಯಾನು ಪೊಲೀಸರು. ಎಸ್ಟೇಟಿನವರು ಯಾವುದೋ ಆದೇಶ ತಂದಿದ್ದರು. ಎದುರಿನಲ್ಲಿ ಯಾವ ಅರ್ಜಿಯೂ ಇಲ್ಲ ಅಂತ ಅದರಲ್ಲಿ ಬರೆದಿತ್ತು. ಮಾಷ್ ಹೋದ ಮೇಲೆ ನಾನು ಬರೆದುಕೊಟ್ಟ ಇಪ್ಪತ್ತೆಂಟು ಅರ್ಜಿಗೆ ಇನ್ನೂ ನಂಬರು ಬಿದ್ದಿರಲಿಲ್ಲ. ಇಪ್ಪತ್ತೆಂಟು ಗುಡಿಸಲು ಬೀಳಲು ಒಂದು ಬೆಳಗು ಸಾಕಾಯಿತು. ನಾವು ಕಿರುಚಿದೆವು, ನೆಲಕ್ಕೆ ಬಿದ್ದೆವು, ಎಳೆದು ಹಾಕಿದರು. ಮಾರ ತಾತನ ಪಂಚೆ ಬಿಚ್ಚಿಹೋಯಿತು, ಅವನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನಿಂತ. ನಾನು ಫೋನ್ ಮಾಡಿದೆ. ಪ್ರಜಿತ್ ಎತ್ತಿದ. ಯಾವ ಹೆಸರಿನಲ್ಲಿ ಬರಲಿ ಚೇಚ್ಚಿ ಅಂದ. ಒಬ್ಬನೇ ಬಂದ, ಪೊಲೀಸರು ಅವನನ್ನೂ ತಳ್ಳಿದರು.

ನೆಲ್ಲಿ ಮರ ಬಿತ್ತು. ಅವ್ವ ತನ್ನ ಕಲ್ಲನ್ನು ಮಡಿಲಿಗೆ ಹಾಕಿಕೊಂಡಳು. ಬಿಡು ಅಂದೆ, ಎದೆಗೆ ಭಾರ ಅಂದೆ. ಬಿಡಲಿಲ್ಲ. ಕಾಲನಿಯವರೆಗೆ ಅದನ್ನು ಹೊತ್ತುಕೊಂಡೇ ನಡೆದಳು.

ಕಾಲನಿಯ ಮನೆ ಹಾಗೇ ಇತ್ತು. ಅಡುಗೆಕೋಣೆಯ ಸೂರಿನಲ್ಲಿ ತೂತು, ಒಲೆಯಲ್ಲಿ ಇಲಿ ಬಿಲ. ಅವ್ವ ಎರಡು ದಿನ ಮಲಗಿದಳು. ಮೂರನೇ ದಿನ ಎದ್ದು ಹಾರೆ ಕೊಡು ಅಂದಳು.

"ಏನ್ ಮಾಡ್ತೀಯವ್ವ?"

"ಒಲೆ ಬಾಕ್ಲ ಕಡೆ ಸರ್ಸು. ಒಂದೂವರೆ ಮೊಳ."

ನಾನು ಸರಿಸಿದೆ. ಹಳೆಯ ಒಲೆ ಕಿತ್ತೆ, ಸುಟ್ಟ ಮಣ್ಣು ಕೆರೆದು ತೆಗೆದೆ. ಒಂದು ಒಲೆಗಲ್ಲು ಒಡೆದಿತ್ತು. ಅವ್ವ ತನ್ನ ಕಲ್ಲನ್ನು ಕೊಟ್ಟಳು. ಇದೇ ಆಗ್ತದೆ ಅಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಪ್ಪನ ಪಕ್ಕದಲ್ಲಿ ಖಾಲಿಯಾದ ಜಾಗದಲ್ಲಿ, ಹಸಿ ನೆಲದ ಮೇಲೆ ಅಂಗಾತ ಮಲಗಿದಳು. ಕೈ ಎರಡೂ ಪಕ್ಕಕ್ಕೆ ಒತ್ತಿಕೊಂಡಳು. ಎದೆ ಗೊರಗೊರ ಅನ್ನುತ್ತಿತ್ತು.

ರಸ್ತೆಯಲ್ಲಿ ಜೀಪೊಂದು ಮೈಕ್ ಕಟ್ಟಿಕೊಂಡು ನಿಧಾನಕ್ಕೆ ಹೋಗುತ್ತಿತ್ತು. ಅವ್ವ ಮಲಗಿದಲ್ಲಿಂದಲೇ ಕೇಳಿದಳು, "ಏನ್ ಕೂಗ್ತಾವ್ರೆ?"

"ಎಲ್ರೂ ಒಂದಾಗ್ಬೇಕಂತೆ."

ಅವಳು ಕಾಲು ಇನ್ನೊಂದಿಷ್ಟು ಚಾಚಿ ನೋಡಿದಳು. ಹೆಬ್ಬೆರಳು ಒಲೆಯ ಕಲ್ಲಿಗೆ ತಾಗಿತು.

"ಇನ್ನೊಂದ್ ಗೇಣು ಸರ್ಸು ಮಗಾ," ಅಂದಳು. "ಕಾಲಿಗೆ ಬಿಸಿ ತಾಗ್ತದೆ."

ನಾನು ಮತ್ತೆ ಹಾರೆ ತೆಗೆದುಕೊಂಡೆ.